ಫಾರ್ಮ್ಯಾಟ್ ಹೊಡೆಯುವ ಮುನ್ನ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಎಸ್ಸೆಸ್ಸೆಲ್ಸಿ ಮಕ್ಕಳ ಗ್ರೂಪ್ ಫೋಟೋ, ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಸೈಜ್ ಫೋಟೋ, ನಾಮಕರಣ, ಗೃಹಪ್ರವೇಶ, ದಂಡಿನ ಮಾರಮ್ಮನ ಜಾತ್ರೆ, ಮದುವೆ, ಏನೇ ತೆಗೆದರೂ ಕೊನೆಗೆ ಬಂದು ಸೇರುವುದು ಯಾವುದೋ ಸ್ಟುಡಿಯೋದ ಮೂಲೆಯಲ್ಲಿರುವ ಒಂದು ಕಂಪ್ಯೂಟರಿಗೆ. ಅದು ಒಂದು ಬೆಳಗ್ಗೆ ಆನ್ ಆಗದೆ ಕೂತರೆ ಸ್ಟುಡಿಯೋದವರ ಎದೆ ಧಸಕ್ಕೆನ್ನುತ್ತದೆ. ಕಟ್ಟಿದ ತಾಳಿಯನ್ನು ಬಿಚ್ಚಿಸಿ ಮತ್ತೊಮ್ಮೆ ಕಟ್ಟಿಸಿ ಫೋಟೋ ತೆಗೆಯಲಾಗದು.

ಆ ಗಾಬರಿಯಲ್ಲಿ ಸಿಗುವ ಮೊದಲ ಸಲಹೆ ಹೀಗಿರುತ್ತದೆ: 'ಏನಿಲ್ಲ ಅಣ್ಣ, ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕ್ಬಿಡೋಣ.' ಸಿಸ್ಟಮ್ ಕೆಟ್ಟಾಗ ಉಳಿದಿದ್ದ ಫೋಟೋ ಎಷ್ಟೋ ಸಲ ಕೈತಪ್ಪುವುದು ಈ ಸಲಹೆ ಪಾಲಿಸಿದಾಗ. ಕಂಪ್ಯೂಟರ್ ಶುರುವಾಗದಿರುವುದು ಬೇರೆ, ಅದರೊಳಗಿನ ಡಾಟಾ ಹೋಗುವುದು ಬೇರೆ. ಮೊದಲನೆಯದು ಆಗಿದೆ ಎಂದ ಮಾತ್ರಕ್ಕೆ ಎರಡನೆಯದೂ ಆಗಿದೆ ಎಂದುಕೊಳ್ಳಬೇಕಿಲ್ಲ.

2024ರ ಜುಲೈ 19ರಂದು ಇಡೀ ಜಗತ್ತೇ ಇದನ್ನು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ಸಣ್ಣ ಅಪ್‌ಡೇಟ್ ಕಡತದಲ್ಲಿ ದೋಷವಿತ್ತು. ಮೈಕ್ರೋಸಾಫ್ಟ್ ಕೊಟ್ಟ ಲೆಕ್ಕದಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆದರೆ ಆ ಯಂತ್ರಗಳ ಡಾಟಾಕ್ಕೆ ಏನೂ ಆಗಿರಲಿಲ್ಲ. ಸೇಫ್ ಮೋಡಿನಲ್ಲಿ ತೆರೆದು ಆ ಕಡತವನ್ನು ಅಳಿಸಿದರೆ ಯಂತ್ರ ಮೊದಲಿನಂತೆ ಏಳುತ್ತಿತ್ತು. ಗಾಬರಿಬಿದ್ದು ಫಾರ್ಮ್ಯಾಟ್ ಮಾಡಿದ್ದರೆ ಇರುವುದನ್ನೆಲ್ಲ ಕೈಯಾರೆ ಅಳಿಸಿದಂತಾಗುತ್ತಿತ್ತು.

ಪವರ್ ಬಟನ್ ಒತ್ತಿದ ಮೇಲೆ ಒಳಗೆ ಏನೇನು ನಡೆಯುತ್ತದೆಂದು ತಿಳಿದಿದ್ದರೆ, ಎಲ್ಲಿ ನಿಂತಿತು ಎಂಬುದರಿಂದಲೇ ಯಾವ ಭಾಗ ಕೆಟ್ಟಿದೆ ಎಂದು ಬಹುಪಾಲು ಹೇಳಬಹುದು. ಗುಂಡಿ ಒತ್ತಿದೊಡನೆ ಯಂತ್ರಕ್ಕೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಎಚ್ಚರವಾಗಿ 12, 5 ಮತ್ತು 3.3 ವೋಲ್ಟ್‌ಗಳನ್ನು ತಯಾರಿಸುತ್ತದೆ. ಮೂರೂ ಸ್ಥಿರವಾದವೆಂದು ಖಾತ್ರಿಯಾದ ಮೇಲೆ, ಅಂದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ಬೂದು ಬಣ್ಣದ ತಂತಿಯೊಂದರಲ್ಲಿ ಮದರ್‌ಬೋರ್ಡಿಗೆ 'ಪವರ್ ಸರಿಯಿದೆ' ಎಂಬ ಸಂಕೇತ ಕಳಿಸುತ್ತದೆ. ಅಲ್ಲಿಯವರೆಗೆ ಪ್ರೊಸೆಸರ್ ಕೆಲಸ ಶುರುಮಾಡುವುದಿಲ್ಲ. ಸಂಕೇತ ಸಿಕ್ಕಿದ ಮೇಲೆ ಅದು 4 ಜಿಬಿ ವಿಳಾಸಕ್ಕಿಂತ ಸರಿಯಾಗಿ 16 ಬೈಟ್ ಕೆಳಗಿನ ಜಾಗಕ್ಕೆ ಹೋಗಿ ತನ್ನ ಮೊದಲ ಆಜ್ಞೆಯನ್ನು ಓದುತ್ತದೆ. ಆ ವಿಳಾಸದಲ್ಲಿ ಸಿಗುವುದು ಮದರ್‌ಬೋರ್ಡಿನ ಪುಟ್ಟ ಚಿಪ್ಪಿನಲ್ಲಿರುವ, ಯಂತ್ರವನ್ನು ಎಬ್ಬಿಸುವ ತಂತ್ರಾಂಶ ಬಯಾಸ್. ಇಂದಿನ ಯಂತ್ರಗಳಲ್ಲಿ ಅದರ ಹೆಸರು ಯುಇಎಫ್ಐ.

ಬಯಾಸ್ ಮೊದಲು ರ‍್ಯಾಮ್ ಇದೆಯೇ ನೋಡುತ್ತದೆ, ಆಮೇಲೆ ಗ್ರಾಫಿಕ್ಸ್ ಕಾರ್ಡನ್ನು, ಆಮೇಲೆ ಡಿಸ್ಕನ್ನು. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದಿ, ಅದರ ಕೊನೆಯ ಎರಡು ಬೈಟ್ 55 ಮತ್ತು ಎಎ ಆಗಿದ್ದರೆ ಮಾತ್ರ ಮುಂದುವರಿಯುತ್ತದೆ. ಹೊಸ ಪದ್ಧತಿಯಲ್ಲಿ ಡಿಸ್ಕಿನ ಒಂದು ಚಿಕ್ಕ ಪಾರ್ಟಿಷನ್ನಿನೊಳಗೆ ವಿಂಡೋಸನ್ನು ಎಬ್ಬಿಸುವ ಕಡತ ಇರುತ್ತದೆ. ಆ ಪಾರ್ಟಿಷನ್ನಿನ ಗಾತ್ರ ಸಾಮಾನ್ಯವಾಗಿ ನೂರಿನ್ನೂರು ಎಂಬಿ. ಎರಡು ಟಿಬಿ ಡಿಸ್ಕಿನಲ್ಲಿ ಇಷ್ಟೇ ಇಷ್ಟು ಜಾಗ ಕೆಟ್ಟರೂ ಸಿಸ್ಟಮ್ ಏಳುವುದಿಲ್ಲ, ಆದರೆ ಡಿ ಡ್ರೈವಿನ ಆಲ್ಬಮ್‌ಗಳು ಇದ್ದಲ್ಲೇ ಇರುತ್ತವೆ.

ಗುಂಡಿ ಒತ್ತಿದರೆ ಫ್ಯಾನೂ ಇಲ್ಲ, ಲೈಟೂ ಇಲ್ಲ ಎಂದಾದರೆ ಎಸ್‌ಎಂಪಿಎಸ್ ಅಥವಾ ಯುಪಿಎಸ್ ಕಡೆ ನೋಡಬೇಕು. ಕರೆಂಟು ತಯಾರಾಗುವುದೇನೋ ಹತ್ತಿರದಲ್ಲೇ: ಪಾವಗಡದ ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕ್ 13,000 ಎಕರೆಯಷ್ಟಿದೆ, ಸಾಮರ್ಥ್ಯ 2,050 ಮೆಗಾವಾಟ್. ಆದರೆ ಅಲ್ಲಿ ತಯಾರಾದ ವಿದ್ಯುತ್ ಹೈಟೆನ್ಷನ್ ಲೈನ್ ಹತ್ತಿ ಗ್ರಿಡ್ ಸೇರುತ್ತದೆ. ಊರ ಸ್ಟುಡಿಯೋಗೆ ಬರುವುದು ಟ್ರಾನ್ಸ್‌ಫಾರ್ಮರ್ ದಾಟಿ ಬಂದ ಲೈನಿನ ಕರೆಂಟು, ಅದರಲ್ಲಿ ಏರಿಳಿತ ಇದ್ದೇ ಇರುತ್ತದೆ. ಹೋದ ಕರೆಂಟು ತಟ್ಟನೆ ವಾಪಸ್ ಬರುವ ಗಳಿಗೆಯೇ ಹೆಚ್ಚು ಅಪಾಯದ್ದು. ಇದರ ಜೊತೆಗೆ ಸೆಕೆ. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರುಗಳಲ್ಲಿ ದ್ರವ ಇರುತ್ತದೆ, ಶಾಖ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಧೂಳು ಮುಚ್ಚಿದ ಫ್ಯಾನ್ ಇಟ್ಟುಕೊಂಡು ಏಪ್ರಿಲ್ ಮಧ್ಯಾಹ್ನ ವಿಡಿಯೋ ರೆಂಡರಿಂಗ್‌ಗೆ ಹಾಕಿದ ಯಂತ್ರ ಈ ಲೆಕ್ಕದಲ್ಲೇ ಬೇಗ ಸೋಲುತ್ತದೆ.

ಫ್ಯಾನ್ ತಿರುಗಿ ಡಿಸ್‌ಪ್ಲೇ ಬರದೆ ಬೀಪ್ ಹೊಡೆಯುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಕರೆಂಟ್ ತೆಗೆದು, ರ‍್ಯಾಮ್ ಕಳಚಿ, ಚಿನ್ನದ ಲೇಪದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು ರಿಪೇರಿಯವರೆಲ್ಲ ಮಾಡುವ ಕೆಲಸ, ಅದು ಫಲ ಕೊಡುವುದೂ ಉಂಟು. ಪ್ರತಿ ಸಲವೂ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಬರಿದಾಗಿದೆ. ಅದರ ಹೆಸರು ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದು ಬರಿದಾದಾಗ ಬಯಾಸ್ ಸೆಟ್ಟಿಂಗ್ ಮೂಲಸ್ಥಿತಿಗೆ ಮರಳಿ, ಡಿಸ್ಕನ್ನು ಓದುವ ವಿಧಾನವೇ ಬದಲಾಗಿ ವಿಂಡೋಸ್ ನೀಲಿ ಪರದೆ ತೋರಿಸಬಹುದು. ಅಂಥ ಯಂತ್ರಕ್ಕೆ ಫಾರ್ಮ್ಯಾಟ್ ಹೊಡೆದರೆ ಅದು ಅನ್ಯಾಯ. ಅದಕ್ಕೆ ಬೇಕಿದ್ದುದು ಒಂದು ಬ್ಯಾಟರಿ.

ಲೋಗೋ ಬಂದು, ಚುಕ್ಕಿಗಳು ಸುತ್ತುತ್ತಲೇ ಉಳಿದರೆ ವಿಂಡೋಸ್ ಕೆಟ್ಟಿರಬಹುದು, ಡಿಸ್ಕೂ ಸಾಯುತ್ತಿರಬಹುದು. ಇಲ್ಲಿ ಕಿವಿಗೊಡಬೇಕು. ಹಲವು ಹಾರ್ಡ್ ಡಿಸ್ಕುಗಳೊಳಗಿನ ತಟ್ಟೆ ನಿಮಿಷಕ್ಕೆ 7,200 ಸಲ, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ ಹೆಡ್ ಆ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದರೆ ಆ ಸಂದು ಎಷ್ಟು ಕಿರಿದೆಂದು ಊಹಿಸಬಹುದು. ಹೆಡ್ ತಟ್ಟೆಗೆ ತಗುಲಿದರೆ ಫೋಟೋ ಬರೆದಿರುವ ಕಾಂತೀಯ ಪದರವೇ ಕೆರೆದುಹೋಗುತ್ತದೆ. ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಕೇಳಿದರೆ ಕೂಡಲೇ ಕರೆಂಟ್ ತೆಗೆಯಬೇಕು, ಮತ್ತೆ ಆನ್ ಮಾಡಿ ನೋಡಬಾರದು. ಅಂಥದ್ದನ್ನು ಧೂಳಿಲ್ಲದ ಕ್ಲೀನ್ ರೂಮ್ ಇರುವ ಕಡೆಗೇ ಒಯ್ಯಬೇಕು. ಅಂಗಡಿಯ ಟೇಬಲ್ ಮೇಲೆ ಮುಚ್ಚಳ ಬಿಚ್ಚಿದರೆ ಉಳಿದಿದ್ದೂ ಹೋಗುತ್ತದೆ.

ಸದ್ದಿಲ್ಲ, ಆದರೆ ಓದುವುದು ನಿಧಾನ, ನಡುನಡುವೆ ತಡವರಿಸುತ್ತದೆ ಎನ್ನುವ ಡಿಸ್ಕಿಗೆ ಊರಿನಲ್ಲೇ ಉಪಾಯವಿದೆ. ಯಂತ್ರವನ್ನು ಪೆನ್‌ಡ್ರೈವಿನಲ್ಲಿರುವ ಲಿನಕ್ಸ್‌ನಿಂದ ಎಬ್ಬಿಸಬೇಕು. ಆಗ ಒಳಗಿನ ವಿಂಡೋಸಿಗೆ ಡಿಸ್ಕ್ ಮುಟ್ಟುವ ಅವಕಾಶವೇ ಇರುವುದಿಲ್ಲ. ಆಮೇಲೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು. ಮಾಮೂಲಿ ಕಾಪಿ ಪೇಸ್ಟ್ ಓದಲಾಗದ ಜಾಗ ಸಿಕ್ಕಿದೊಡನೆ ಅಲ್ಲೇ ಹಟ ಹಿಡಿದು ಗುದ್ದಾಡುತ್ತದೆ, ಸೋತ ಡಿಸ್ಕನ್ನು ಇನ್ನಷ್ಟು ಸೋಲಿಸುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಮಳೆಯಿಲ್ಲದೆ ನೆಲ ಬಿಗಿದಾಗ ಪಾವಗಡದ ರೈತರು ಸಲೀಸಾಗಿ ಬರುವ ಕಡಲೆಕಾಯಿ ಗಿಡಗಳನ್ನು ಮೊದಲು ಕಿತ್ತು, ಕಚ್ಚಿಕೊಂಡ ಸಾಲನ್ನು ಕೊನೆಗೆ ಬಿಡುವಂತೆ, ಸುಲಭವಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಂಡು ಕೆಟ್ಟ ಜಾಗಗಳ ನಕ್ಷೆಯೊಂದನ್ನು ಬರೆದಿಡುತ್ತದೆ, ಆಮೇಲೆ ಅವಕ್ಕೆ ಮರಳುತ್ತದೆ. ಕರೆಂಟು ಹೋಗಿ ಕೆಲಸ ನಿಂತರೂ ನಕ್ಷೆ ನೋಡಿಕೊಂಡು ನಿಂತಲ್ಲಿಂದಲೇ ಮುಂದುವರಿಸುತ್ತದೆ. ದೊಡ್ಡ ಡಿಸ್ಕಾದರೆ ದಿನಗಟ್ಟಲೆ ಹಿಡಿಯಬಹುದು, ಕಾಯಲೇಬೇಕು. ಮುಂದಿನ ಪ್ರಯೋಗವೆಲ್ಲ ಆ ನಕಲಿನ ಮೇಲೆ, ಮೂಲ ಡಿಸ್ಕನ್ನು ಎತ್ತಿಡಬೇಕು.

ಒಂದು ಅಡ್ಡಿ ಎದುರಾಗಬಹುದು. ಇತ್ತೀಚಿನ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ತಿರುಗಿರುವ ಸಾಧ್ಯತೆ ಇದೆ. ಅದನ್ನು ಬೇರೆ ಯಂತ್ರಕ್ಕೆ ಹಾಕಿದರೆ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ಆ ಖಾತೆಯಲ್ಲೇ ಉಳಿದಿರುತ್ತದೆ. ಸಿಸ್ಟಮ್ ಸೆಟಪ್ ಮಾಡಿಕೊಟ್ಟವರು ಯಾರ ಇಮೇಲ್ ಹಾಕಿದ್ದರೋ ಅದರ ಪಾಸ್‌ವರ್ಡ್ ಸ್ಟುಡಿಯೋದವರಿಗೆ ಗೊತ್ತಿರದಿದ್ದರೆ ಫಜೀತಿ. ಸಿಸ್ಟಮ್ ಚೆನ್ನಾಗಿರುವಾಗಲೇ ಆ ಕೀಯನ್ನು ಕಾಗದದ ಮೇಲೆ ಬರೆದಿಡುವುದು ಒಳ್ಳೆಯದು.

ಫಾರ್ಮ್ಯಾಟ್ ಈಗಾಗಲೇ ಆಗಿಹೋಗಿದ್ದರೆ? ಹಾರ್ಡ್ ಡಿಸ್ಕಾಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಸೂಚಿಯನ್ನಷ್ಟೇ, ಫೋಟೋ ಇದ್ದಲ್ಲೇ ಇರುತ್ತದೆ. ಜೆಪೆಗ್ ಕಡತ ಯಾವಾಗಲೂ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟುಗಳಿಂದಲೇ ಶುರುವಾಗುತ್ತದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಉದ್ದಗಲಕ್ಕೂ ಇಂಥ ಗುರುತನ್ನು ಹುಡುಕುತ್ತಾ ಫೋಟೋಗಳನ್ನು ಎತ್ತಿಕೊಡುತ್ತದೆ. ಕಡತದ ಹೆಸರು, ಫೋಲ್ಡರು ಉಳಿಯುವುದಿಲ್ಲ. ಆದರೆ ಕ್ಯಾಮೆರಾ ಫೋಟೋದೊಳಗೇ ಬರೆದಿಟ್ಟ ದಿನ, ಗಂಟೆ, ನಿಮಿಷ ಉಳಿದಿರುತ್ತವೆ. ಅದರಂತೆ ಜೋಡಿಸಿದರೆ ಆರತಕ್ಷತೆ ಒಂದು ಕಡೆ, ಮಾರನೆಯ ಬೆಳಗಿನ ಮುಹೂರ್ತ ಇನ್ನೊಂದು ಕಡೆ ತಾವಾಗಿ ಬಂದು ನಿಲ್ಲುತ್ತವೆ. ದೊಡ್ಡ ವಿಡಿಯೋಗಳು ಡಿಸ್ಕಿನ ಮೇಲೆ ತುಂಡುತುಂಡಾಗಿ ಹರಡಿರಬಹುದಾದ್ದರಿಂದ ಅವು ಇಷ್ಟು ಸಲೀಸಾಗಿ ಕೂಡಿಬರುವುದಿಲ್ಲ. ಹೊಸ ವಿಂಡೋಸ್ ಕೂತ ಜಾಗದಲ್ಲಿದ್ದದ್ದಂತೂ ಯಾರ ಕೈಗೂ ಸಿಗದು. ಇದರಿಂದ ಹೆಚ್ಚು ನೊಂದವರು ಡೆಸ್ಕ್‌ಟಾಪ್ ಮೇಲೆ ಆಲ್ಬಮ್ ಕೆಲಸ ಇಟ್ಟುಕೊಂಡವರು. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ, ಮೊದಲು ಅಳಿಯುವುದೂ ಅದೇ.

ಎಸ್‌ಎಸ್‌ಡಿ ಆಗಿದ್ದರೆ ಆಸೆ ಬಹಳ ಕಡಿಮೆ. ಫಾರ್ಮ್ಯಾಟ್ ಮಾಡಿದೊಡನೆ ವಿಂಡೋಸ್ ಅದಕ್ಕೆ ಟ್ರಿಮ್ ಎಂಬ ಆಜ್ಞೆ ಕಳಿಸುತ್ತದೆ: ಈ ಜಾಗಗಳು ಇನ್ನು ಬೇಡ. ಎಸ್‌ಎಸ್‌ಡಿ ಅವನ್ನು ನಿಜವಾಗಿಯೂ ಖಾಲಿ ಮಾಡಿಕೊಳ್ಳುತ್ತದೆ, ಮುಂದಿನ ಬರವಣಿಗೆ ವೇಗವಾಗಲೆಂದು. ನಮಗೆ ಇಷ್ಟವಾದ ಆ ವೇಗದ ಹಿಂದೆ ಈ ನಿಷ್ಠುರ ಶುಚಿತ್ವವೂ ಇದೆ. ಕ್ಯಾಮೆರಾದ ಮೆಮೊರಿ ಕಾರ್ಡ್ ಈ ವಿಷಯದಲ್ಲಿ ಉದಾರಿ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದರೂ ಸಾಮಾನ್ಯವಾಗಿ ಸೂಚಿಯಷ್ಟೇ ಹೋಗಿರುತ್ತದೆ. ಆದ್ದರಿಂದ ಸಿಸ್ಟಮ್ ಕೆಟ್ಟ ದಿನವೇ ಎಲ್ಲ ಕಾರ್ಡುಗಳನ್ನು ಎತ್ತಿಟ್ಟು, ಮುಂದಿನ ಮದುವೆಗೆ ಬೇರೆ ಕಾರ್ಡ್ ಒಯ್ಯಬೇಕು.

ಡಾಟಾ ಬೇರೆ ಡಿಸ್ಕಿಗೆ ಬಂದಮೇಲೆ, ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆ, ವಿಂಡೋಸ್ ರಿಪೇರಿ ಮಾಡಿ, ಬೇಕಾದರೆ ಫಾರ್ಮ್ಯಾಟೂ ಮಾಡಿ, ತೊಂದರೆಯಿಲ್ಲ. ಸ್ಟುಡಿಯೋಗಳಿಗೆ ಒಪ್ಪುವ ಬ್ಯಾಕಪ್ ಸೂತ್ರವನ್ನು ಜನಪ್ರಿಯಗೊಳಿಸಿದವರೂ ಒಬ್ಬ ಫೋಟೋಗ್ರಾಫರೇ, ಅಮೆರಿಕದ ಪೀಟರ್ ಕ್ರೋಗ್. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ಶಿರಾ ಪೇಟೆಯ ಸ್ಟುಡಿಯೋಗೆ ಇದು ದುಬಾರಿಯಲ್ಲ: ಕಂಪ್ಯೂಟರಿನಲ್ಲಿ ಒಂದು ಪ್ರತಿ, ರಾತ್ರಿ ಮನೆಗೆ ಒಯ್ಯುವ ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು, ಆಲ್ಬಮ್ ಪ್ರಿಂಟಾಗಿ ಮದುವೆ ಮನೆಯವರ ಕೈಗೆ ಪೆನ್‌ಡ್ರೈವ್ ಸೇರುವವರೆಗೆ ಕಾರ್ಡಿನಲ್ಲೇ ಮೂರನೆಯದು.