ಜೈನ ಗ್ರಂಥಗಳಲ್ಲಿ ಬರುವ 29 ಅಂಕಿಗಳ ಮಹಾಸಂಖ್ಯೆ

ಜೈನ ಸಿದ್ಧಾಂತ ಗ್ರಂಥಗಳಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೇಳುವಾಗ ಒಂದು ದೊಡ್ಡ ಪೂರ್ಣಸಂಖ್ಯೆ ಬರುತ್ತದೆ:

79,22,81,62,51,42,64,33,75,93,54,39,50,336

ಇದರಲ್ಲಿ 29 ಅಂಕಿಗಳಿವೆ. ನೋಡಲು ಭಯ ಹುಟ್ಟಿಸಿದರೂ ಇದರ ಹುಟ್ಟು ಬಹಳ ಸರಳ. ಎರಡನ್ನು ಎರಡರಿಂದ ಗುಣಿಸಿದರೆ 4. ಇದು ಮೊದಲ ವರ್ಗ. ನಾಲ್ಕರ ವರ್ಗ 16, ಅದರ ವರ್ಗ 256, ನಂತರ 65,536. ಐದನೆಯ ವರ್ಗ 4,29,49,67,296. ಆರನೆಯದು 1,84,46,74,40,73,70,95,51,616. ಐದನೆಯ ಮತ್ತು ಆರನೆಯ ವರ್ಗಗಳನ್ನು ಗುಣಿಸಿದರೆ ಮೇಲಿನ ಸಂಖ್ಯೆ ದೊರೆಯುತ್ತದೆ. ಐದನೆಯ ವರ್ಗದ ಘನವೂ ಇದೇ.

ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆಯೋ ಅದನ್ನು ಪ್ರಾಚೀನರು ಅರ್ಧಚ್ಛೇದ ಎಂದರು. ಐದನೆಯ ವರ್ಗದ ಅರ್ಧಚ್ಛೇದ 32, ಆರನೆಯದರದು 64. ಸಂಖ್ಯೆಗಳನ್ನು ಗುಣಿಸಿದಾಗ ಅರ್ಧಚ್ಛೇದಗಳನ್ನು ಕೂಡಿದರೆ ಸಾಕು. ಆದ್ದರಿಂದ ನಮ್ಮ ಸಂಖ್ಯೆಯದು 96. ಇಂದು ಶಾಲೆಯಲ್ಲಿ ಲಾಗರಿದಮ್ ಎಂದು ಮಕ್ಕಳು ಕಲಿಯುವುದು ಈ ನಿಯಮವನ್ನೇ. ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 97. ಅವುಗಳಲ್ಲಿ ಒಂದನ್ನು ಬಿಟ್ಟರೆ ಬೆಸ ಸಂಖ್ಯೆಯೇ ಇಲ್ಲ.

29 ಅಂಕಿಗಳನ್ನು ತಪ್ಪಿಲ್ಲದೆ ನೆನಪಿಡುವುದು ಹೇಗೆ? 10ನೇ ಶತಮಾನದ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು, ಅಂದರೆ ಚಾವುಂಡರಾಯನ ಗುರುಗಳು, ಗೊಮ್ಮಟಸಾರದ ಜೀವಕಾಂಡದಲ್ಲಿ ಇದನ್ನು ಒಂದೇ ಪ್ರಾಕೃತ ಗಾಥೆಯಲ್ಲಿ ಅಡಗಿಸಿದ್ದಾರೆ. ಅಕ್ಷರಕ್ಕೊಂದು ಅಂಕಿ: ತ ಎಂದರೆ 6, ಲ ಎಂದರೆ 3, ನ ಎಂದರೆ ಸೊನ್ನೆ. ಇದು ಕಟಪಯಾದಿ ಪದ್ಧತಿ. ಅಂಕಿಗಳು ಬಲದಿಂದ ಎಡಕ್ಕೆ ಸಾಗುವುದರಿಂದ ಗಾಥೆಯ ಮೊದಲ ಅಕ್ಷರವೇ ಬಿಡಿಸ್ಥಾನದ 6. ಪ್ರತಿಗಳನ್ನು ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಒಂದು ಅಂಕಿ ಜಾರಿದರೂ ಗೊತ್ತಾಗುವುದು ಕಷ್ಟ. ಅಕ್ಷರ ತಪ್ಪಿದರೆ ಛಂದಸ್ಸೋ ಅರ್ಥವೋ ಕೆಡುತ್ತದೆ. ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲೇ ವೃತ್ತಿ ಬರೆದರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಆದರೆ ಈ ಸಂಖ್ಯೆಯನ್ನು ಎಲ್ಲರೂ ಸುಮ್ಮನೆ ಒಪ್ಪಲಿಲ್ಲ. ಷಟ್ಖಂಡಾಗಮವು ಮನುಷ್ಯರ ಸಂಖ್ಯೆ ಕೋಡಾಕೋಡಾಕೋಡಿಗಿಂತ ಮೇಲೆ, ಕೋಡಾಕೋಡಾಕೋಡಾಕೋಡಿಗಿಂತ ಕೆಳಗೆ ಎನ್ನುತ್ತದೆ. ಮೇಲಿನ ಮಿತಿ ಎಂದರೆ 1ರ ಮುಂದೆ 28 ಸೊನ್ನೆ. ಅದರಲ್ಲೂ 29 ಸ್ಥಾನಗಳೇ ಇವೆ. ಸ್ಥಾನಗಳನ್ನಷ್ಟೇ ಎಣಿಸಿದರೆ ಎರಡೂ ಒಂದೇ ಎನಿಸುತ್ತದೆ. ಆದರೆ ನಮ್ಮ ಸಂಖ್ಯೆ ಏಳರಿಂದ ಆರಂಭವಾಗುತ್ತದೆ, ಮಿತಿಯನ್ನು ಸುಮಾರು ಎಂಟು ಪಟ್ಟು ಮೀರುತ್ತದೆ. ಧವಳಾ ಟೀಕೆಯಲ್ಲಿ ವೀರಸೇನಾಚಾರ್ಯರು ಇದನ್ನು ಗಮನಿಸಿ, ಮನುಷ್ಯಲೋಕದ ಕ್ಷೇತ್ರಫಲವನ್ನು ಲೆಕ್ಕ ಹಾಕಿ, ಇಷ್ಟು ಜನ ಅಲ್ಲಿ ಹಿಡಿಸುವುದಿಲ್ಲ ಎಂದು ತೋರಿಸುತ್ತಾರೆ. ಪರಂಪರೆಯಿಂದ ಬಂದ ಸಂಖ್ಯೆಯನ್ನೂ ಅಳತೆಗೆ ಹಚ್ಚಿ ನೋಡಿದ ಆ ಧವಳೆಯ ಹಳಗನ್ನಡ ಲಿಪಿಯ ತಾಡವಾಲೆಗಳು ಶತಮಾನಗಳ ಕಾಲ ಉಳಿದು ಬಂದದ್ದು ನಮ್ಮ ಮೂಡುಬಿದಿರೆಯ ಬಸದಿಯಲ್ಲಿ.