ರಕ್ತದೊತ್ತಡದ ಗುಳಿಗೆಯೂ ಇಲಿಗಳ ಮೇದಸ್ಸೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ಊರುಗಳ ಎಷ್ಟೋ ಮನೆಗಳಲ್ಲಿ ಈಗ ಹಿರಿಯರಿಗೆ ರಕ್ತದೊತ್ತಡದ ಗುಳಿಗೆಯು ನಿತ್ಯದ ಪದಾರ್ಥವಾಗಿದೆ. ಅಂತಹ ಗುಳಿಗೆಗಳಲ್ಲಿ ಟೆಲ್ಮಿಸಾರ್ಟನ್ ಎಂಬುದೊಂದು. ಇದು ಮೈಯ ಕೊಬ್ಬನ್ನೂ ಕರಗಿಸುವುದೇ ಎಂದು ಕೇಳುವವರುಂಟು. ಈ ಪ್ರಶ್ನೆಯ ಮೂಲವು ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿರುವುದರಿಂದ, ಅವುಗಳ ವಿವರವನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನಿವೇದಿಸುತ್ತೇವೆ.

ಮೂತ್ರಪಿಂಡಗಳಿಂದ ಹೊರಡುವ ರೆನಿನ್ ಎಂಬ ದ್ರವ್ಯವು ಯಕೃತ್ತಿನಲ್ಲಿ ಹುಟ್ಟಿದ ಒಂದು ಪದಾರ್ಥವನ್ನು ಸೀಳಲು, ಕಡೆಗೆ ಆಂಜಿಯೊಟೆನ್ಸಿನ್ ಎಂಬುದು ಉಂಟಾಗಿ ರಕ್ತನಾಳಗಳನ್ನು ಬಿಗಿಯುವುದು. ಅದು ಕೂರತಕ್ಕ ಪೀಠವನ್ನು ಟೆಲ್ಮಿಸಾರ್ಟನ್ ತಾನೇ ಆಕ್ರಮಿಸಿಕೊಳ್ಳುವುದರಿಂದ ನಾಳಗಳು ಸಡಿಲಗೊಂಡು ಒತ್ತಡವು ಇಳಿಯುವುದು. ಇದೇ ಜಾತಿಯ ಇತರ ಔಷಧಗಳ ಕೆಲಸವು ಬಹುಮಟ್ಟಿಗೆ ಇಲ್ಲಿಗೇ ಮುಗಿಯಿತು. ಇದಕ್ಕಾದರೋ ಎರಡನೆಯ ಬಾಗಿಲೊಂದುಂಟೆಂದು 2004ರಲ್ಲಿ ಪ್ರಕಟವಾಯಿತು. ಕೊಬ್ಬಿನ ಜೀವಕಣಗಳಲ್ಲಿ ಪಿಪಿಎಆರ್-ಗಾಮಾ ಎಂಬ ಗ್ರಾಹಕವಿದೆ. ಕೊಬ್ಬನ್ನು ಕೂಡಿಡುವ ಆಡಳಿತದಲ್ಲಿ ಅದರ ಪಾಲು ದೊಡ್ಡದು. ಸಿಹಿಮೂತ್ರಕ್ಕೆ ಕೊಡುವ ಪಯೊಗ್ಲಿಟಾಜೋನ್ ಅದನ್ನು ಪೂರ್ಣವಾಗಿ ಎಚ್ಚರಿಸುವುದು. ಟೆಲ್ಮಿಸಾರ್ಟನ್ ಅದರ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತ್ರ.

ಕೊಬ್ಬೂ ಪಿಷ್ಟ ಸಕ್ಕರೆಗಳೂ ಮಿತಿಮೀರಿದ ಆಹಾರವನ್ನು (ದಿನವೂ ದಾವಣಗೆರೆಯ ಬೆಣ್ಣೆದೋಸೆಯನ್ನೇ ಉಂಡಂತೆ ಎನ್ನೋಣ) ತಿಂದ ಇಲಿಗಳಿಗೆ ಇದನ್ನು ಕೊಡಲು, ಅವುಗಳ ರಕ್ತದಲ್ಲಿ ಸಕ್ಕರೆ, ಇನ್ಸುಲಿನ್, ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಈ ಮೂರೂ ಇಳಿದವು. 2006ರಲ್ಲಿ ಪ್ರಕಟವಾದ ಪ್ರಯೋಗವು ಇನ್ನೂ ಸ್ವಾರಸ್ಯವಾದುದು. ಟೆಲ್ಮಿಸಾರ್ಟನ್ ಪಡೆದ ಇಲಿಗಳ ದೇಹವು ಹೆಚ್ಚು ಶಕ್ತಿಯನ್ನು ವ್ಯಯಿಸಿತು. ತೂಕವು ಅಷ್ಟಾಗಿ ಏರಲಿಲ್ಲ. ಯಕೃತ್ತಿಗೂ ಕೊಬ್ಬಿನಿಂದ ರಕ್ಷಣೆ ದೊರೆಯಿತು. ಅದೇ ಜಾತಿಯ ವಾಲ್ಸಾರ್ಟನ್ ಪಡೆದವುಗಳಿಗೆ ಈ ಲಾಭವಿರಲಿಲ್ಲ. ಆದ ಕಾರಣ ಇದು ಆ ಜಾತಿಯ ಸಾಮಾನ್ಯ ಗುಣವಲ್ಲವೆಂದು ತಿಳಿಯಬೇಕು.

ಮನುಷ್ಯರ ಸಂಗತಿಯು ಬೇರೆ. 2008ರಲ್ಲಿ ಪ್ರಕಟವಾದ, 25,620 ರೋಗಿಗಳು ಸೇರಿದ್ದ ಆನ್‌ಟಾರ್ಗೆಟ್ ಎಂಬ ಪರೀಕ್ಷೆಯಲ್ಲಿ, ಟೆಲ್ಮಿಸಾರ್ಟನ್ ಸೇವಿಸಿದವರಲ್ಲಿ ಹೊಸದಾಗಿ ಸಿಹಿಮೂತ್ರವು ಕಾಣಿಸಿಕೊಂಡ ಪ್ರಮಾಣವು ರಾಮಿಪ್ರಿಲ್ ಎಂಬ ಬೇರೆ ಔಷಧವನ್ನು ಸೇವಿಸಿದವರಲ್ಲಿದ್ದುದಕ್ಕಿಂತ ಕಡಿಮೆಯಾಗಿರಲಿಲ್ಲ. ಇಲಿಯ ಮೈಯಲ್ಲಿ ಕಂಡದ್ದನ್ನು ನಂಬಿ ಗುಳಿಗೆ ನುಂಗುವುದು ಅವಿವೇಕವೆಂದೇ ನಮ್ಮ ಅಭಿಪ್ರಾಯ. ತೆಳ್ಳಗಾಗುವ ಆಸೆಯಿಂದ ಮಗಳು ತಾಯಿಯ ಗುಳಿಗೆಯ ಡಬ್ಬಿಗೆ ಕೈಹಾಕಿದರಂತೂ ಅಪಾಯವು ದೊಡ್ಡದು. ಗರ್ಭಿಣಿಯರು ಇದನ್ನು ಸೇವಿಸಲೇಕೂಡದು. ಗರ್ಭಸ್ಥ ಶಿಶುವಿನ ಮೂತ್ರಪಿಂಡಗಳು ಕೆಡುವುವು, ಶಿಶುವಿನ ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರು ಬರೆದುಕೊಟ್ಟು ಇದನ್ನು ಸೇವಿಸುತ್ತಿರುವ ಸೊಸೆ ಹೆಣ್ಣುಮಕ್ಕಳು ಮಗುವನ್ನು ಬಯಸಿದಾಗ ಮೊದಲೇ ಅವರಿಗೆ ತಿಳಿಸತಕ್ಕದ್ದು. ಆ ಸ್ಥಿತಿಯಲ್ಲಿ ಕೊಡುವುದಕ್ಕೆ ಲ್ಯಾಬೆಟಲಾಲ್, ಮಿಥೈಲ್‌ಡೋಪಾ ಮೊದಲಾದ ಬೇರೆ ಔಷಧಗಳುಂಟು.