ಮೋಟಾರು ಸೈಕಲ್ಲಿನ ವಿದ್ಯುತ್ತು: ಆದಾಯವೂ ವೆಚ್ಚವೂ

ಶಾಲೆಯನ್ನು ಬಿಟ್ಟುಹೋದ ಹುಡುಗರು ಕೆಲವೇ ವರ್ಷಗಳಲ್ಲಿ ಮೋಟಾರು ಸೈಕಲ್ಲನ್ನೇರಿ ಬಂದು ನಮಗೆ ನಮಸ್ಕಾರ ಹೇಳುವುದುಂಟು. ವಾಹನವು ಹೊಸದಾದರೂ ಕಾರ್ಖಾನೆಯಿಂದ ಬಂದ ರೂಪದಲ್ಲಿಯೇ ಉಳಿದಿರುವುದು ವಿರಳ. ಮುಂಗಡೆ ಎರಡು ಹೆಚ್ಚುವರಿ ದೀಪಗಳು, ಹ್ಯಾಂಡಲಿನ ಮೇಲೆ ಮೊಬೈಲು ಚಾರ್ಜರು, ಅದರ ಪಕ್ಕದಲ್ಲಿ ಮಿನುಗುವ ವೋಲ್ಟ್‌ಮೀಟರು, ಕೆಳಗೆ ಜೋಡಿ ಹಾರ್ನು. ಇವಕ್ಕೆಲ್ಲ ವಿದ್ಯುತ್ತು ಎಲ್ಲಿಂದ ಬರುತ್ತದೆಂದು ಕೇಳಿದರೆ, "ಬ್ಯಾಟರಿಯಿಂದ, ಸಾರ್" ಎಂಬುದೇ ಉತ್ತರ. ಈ ಉತ್ತರವು ಅರ್ಧ ಸತ್ಯ. ಉಳಿದರ್ಧವನ್ನು ತಿಳಿಸುವುದಕ್ಕಾಗಿ ಈ ಲೇಖನ. ಕನ್ನಡ ಪಾಠ ಹೇಳುವವರಿಗೆ ಈ ಗೊಡವೆ ಏಕೆಂದು ಕೇಳುವವರಿರಬಹುದು. ಕತ್ತಲೆಯ ಹೆದ್ದಾರಿಯಲ್ಲಿ ದೀಪವಾರಿ ಲಾರಿಗಳ ನಡುವೆ ನಿಲ್ಲುವವರು ನಮ್ಮ ಹುಡುಗರೇ ಆದುದರಿಂದ ಗೊಡವೆಯೂ ನಮ್ಮದೇ.

ಪೆರಂಬೂರಿನ ವಿದ್ಯಾರ್ಥಿಗಳಿಗೆ ಇದನ್ನು ತಿಳಿಯಹೇಳುವುದು ಸುಲಭ. 1955ರ ಅಕ್ಟೋಬರ್ 2ರಂದು ಪ್ರಧಾನಿ ನೆಹರೂ ಅವರು ಇಲ್ಲಿ ಉದ್ಘಾಟಿಸಿದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯನ್ನು ಬಲ್ಲದವರು ಯಾರು? ಅಲ್ಲಿ ತಯಾರಾಗುತ್ತಿದ್ದ ಹಳೆಯ ಮಾದರಿಯ ಬೋಗಿಗಳ ಅಡಿಯಲ್ಲಿ, ಗಾಲಿಯ ಅಚ್ಚಿನಿಂದ ಬೆಲ್ಟಿನ ಮೂಲಕ ತಿರುಗುವ ಒಂದು ವಿದ್ಯುಜ್ಜನಕವಿರುತ್ತಿತ್ತು. ರೈಲು ಓಡುವಾಗ ಅದು ದೀಪಗಳಿಗೂ ಪಂಖಗಳಿಗೂ ವಿದ್ಯುತ್ತನ್ನು ಒದಗಿಸಿ, ಮಿಕ್ಕುದನ್ನು ಬ್ಯಾಟರಿಗಳಲ್ಲಿ ತುಂಬುತ್ತಿತ್ತು. ನಿಲ್ದಾಣದಲ್ಲಿ ರೈಲು ನಿಂತೊಡನೆ ಬ್ಯಾಟರಿಯು ಆ ಹೊಣೆಯನ್ನು ಹೊರುತ್ತಿತ್ತು. ಮೋಟಾರು ಸೈಕಲ್ಲಿನಲ್ಲಿಯೂ ವ್ಯವಸ್ಥೆ ಇದೇ; ಅಲ್ಲಿ ಗಾಲಿ ತಿರುಗಿಸುತ್ತಿದ್ದುದನ್ನು ಇಲ್ಲಿ ಎಂಜಿನು ತಿರುಗಿಸುತ್ತದೆ, ಅಷ್ಟೆ. ಸಂಪಾದಿಸುವುದು ಎಂಜಿನಿನೊಡನೆ ತಿರುಗುವ ಆಲ್ಟರ್ನೇಟರು. ಬ್ಯಾಟರಿಯು ಗಂಟು ಕಟ್ಟಿಟ್ಟ ಉಳಿತಾಯ ಮಾತ್ರ.

ಈಗ ಲೆಕ್ಕ ಹಾಕೋಣ. ಒಂದು ವಾಹನದ ಕೈಪಿಡಿಯಲ್ಲಿ ಆಲ್ಟರ್ನೇಟರಿನ ಶಕ್ತಿ 200 ವಾಟ್ ಎಂದಿದೆಯೆಂದು ಭಾವಿಸಿರಿ. ಇದು ಎಂಜಿನು ವೇಗವಾಗಿ ತಿರುಗುವಾಗಿನ ಗಳಿಕೆ. ನಿಂತಲ್ಲೇ ಗುಡುಗುಡು ಎನ್ನುವಾಗ ಇದರಲ್ಲಿ ಅರ್ಧವೂ ಹುಟ್ಟಲಿಕ್ಕಿಲ್ಲ. ಖರ್ಚಿನ ಕಡೆ ನೋಡಿದರೆ ತಲೆದೀಪಕ್ಕೆ 55 ವಾಟ್, ಹಿಂದೀಪಕ್ಕೆ 5, ಕಿಡಿ ಹಾರಿಸುವುದಕ್ಕೂ ಪೆಟ್ರೋಲಿನ ಪಂಪಿಗೂ ಕೂಡಿ ಸುಮಾರು 60. ಒಟ್ಟು 120. ತಲೆದೀಪವನ್ನು ಆರಿಸಿ ಉಳಿಸೋಣವೆಂದರೆ, 2017ರ ಏಪ್ರಿಲ್ 1ರಿಂದೀಚೆಗೆ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಎಂಜಿನು ನಡೆಯುವಷ್ಟು ಹೊತ್ತೂ ಅದು ಉರಿಯಲೇಬೇಕೆಂಬುದು ಸರ್ಕಾರದ ವಿಧಿ. ಉಳಿದ 80 ವಾಟಿನಲ್ಲಿ 20 ವಾಟಿನ ಎರಡು ಎಲ್‌.ಇ.ಡಿ. ದೀಪಗಳಿಗೂ ಹತ್ತು ಹನ್ನೆರಡು ವಾಟಿನ ಚಾರ್ಜರಿಗೂ ಎಡೆಯುಂಟು. ಆದರೆ ಅಗ್ಗವೆಂದು 55 ವಾಟಿನ ಹಳೆಯ ಬಗೆಯ ಬಲ್ಬುಗಳೆರಡನ್ನು ಕಟ್ಟಿದರೆ ಅವೇ 110 ವಾಟನ್ನು ನುಂಗುತ್ತವೆ. ಆಗ ವಾಹನವು ಓಡುತ್ತಿರುವಾಗಲೂ ಬ್ಯಾಟರಿಯು ಬರಿದಾಗುತ್ತಲೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ವಿದ್ಯುತ್ತಿಗೂ ಸಲ್ಲುವ ಮಾತು. ಶೀತದೇಶಗಳವರು ಕೈ ಬೆಚ್ಚಗಿರಿಸುವ ವಿದ್ಯುತ್ ಹಿಡಿಗಳನ್ನೂ ಜೋಡಿಸುವರಂತೆ; ಪೆರಂಬೂರಿನ ಬಿಸಿಲು ನಮಗೆ ಆ ವೆಚ್ಚವನ್ನು ಉಳಿಸಿಕೊಟ್ಟಿದೆ.

ಆದಾಯ ವೆಚ್ಚಗಳನ್ನು ಕಣ್ಣಿಗೆ ಕಾಣಿಸುವುದೇ ಮಾಪಕದ ಕೆಲಸ. ಇಲ್ಲಿಗೆ ಸಮೀಪದ ತಿರುವೊತ್ತಿಯೂರಿನ ಕಾರ್ಖಾನೆಯಿಂದ ಹೊರಟ ಹಳೆಯ ಬುಲೆಟ್ಟುಗಳನ್ನು ನೋಡಿರಿ. ತಲೆದೀಪದ ಮೇಲ್ಭಾಗದಲ್ಲಿ ಒಂದು ಪುಟ್ಟ ಆಮ್ಮೀಟರು ಇರುತ್ತದೆ. ಮುಳ್ಳು ನಡುವಿನ ಸೊನ್ನೆಯಿಂದ ಧನದ ಕಡೆಗೆ ವಾಲಿದರೆ ಬ್ಯಾಟರಿಗೆ ಜಮೆ. ಋಣದ ಕಡೆಗೆ ವಾಲಿದರೆ ಖರ್ಚು. ಇರುಳಲ್ಲಿ ಸಿಗ್ನಲಿನೆದುರು ನಿಂತಾಗ ಅದು ಋಣಕ್ಕಿಳಿದು, ಹೊರಟು ವೇಗ ಹಿಡಿದಾಗ ಧನಕ್ಕೇರುವುದನ್ನು ನೋಡುವುದೇ ಒಂದು ಪಾಠ. ಆದರೆ ಆಮ್ಮೀಟರನ್ನು ಹೊಸದಾಗಿ ಜೋಡಿಸುವುದು ಸುಲಭವಲ್ಲ. ವಿದ್ಯುತ್ತೆಲ್ಲವೂ ಅದರ ಮೂಲಕವೇ ಹರಿಯಬೇಕು. ಅದರ ತಂತಿ ಕಳಚಿದರೆ ವಾಹನವೇ ನಿಶ್ಚೇಷ್ಟಿತವಾದೀತು. ಆದುದರಿಂದ ಇಂದಿನವರಿಗೆ ವೋಲ್ಟ್‌ಮೀಟರೇ ಮೇಲೆಂದು ನಮ್ಮ ಅಭಿಪ್ರಾಯ. ಅದನ್ನು ಅಡ್ಡಲಾಗಿ ಜೋಡಿಸಿದರೆ ಸಾಕು. ಕೆಟ್ಟರೂ ವಾಹನ ನಿಲ್ಲದು.

12 ವೋಲ್ಟಿನ ವಾಹನದಲ್ಲಿ ಅದನ್ನು ಓದುವ ಬಗೆ ಹೀಗೆ. ಎಂಜಿನು ನಿಂತು ಕೆಲವು ಗಂಟೆ ಕಳೆದ ಮೇಲೆ 12.6ರ ಆಸುಪಾಸಿನಲ್ಲಿದ್ದರೆ ಬ್ಯಾಟರಿ ತುಂಬಿದೆ. 12ಕ್ಕೆ ಇಳಿದಿದ್ದರೆ ಬಹುತೇಕ ಬರಿದಾಗಿದೆ. ಓಡುವಾಗ 13.5ರಿಂದ 14.5ರವರೆಗೆ ಇರುವುದು ಆರೋಗ್ಯದ ಲಕ್ಷಣ. 15ನ್ನು ದಾಟಿದರೆ ರೆಗ್ಯುಲೇಟರು ಕೆಟ್ಟು ಬ್ಯಾಟರಿಯು ಕುದಿಯುತ್ತಿದೆಯೆಂದು ತಿಳಿಯಬೇಕು. ಎಲ್ಲ ದೀಪಗಳನ್ನೂ ಹೊತ್ತಿಸಿ ಓಡುವಾಗ 12.5ಕ್ಕೂ ಕೆಳಗಿದ್ದರೆ ವೆಚ್ಚವು ಆದಾಯವನ್ನು ಮೀರಿದೆ. ಹೊಸ ದೀಪವನ್ನು ಆರಿಸುವುದೇ ವಿವೇಕ.

ನಮ್ಮ ಮೈಸೂರಿನಲ್ಲಿ 1961ರಲ್ಲಿ ತಯಾರಿಕೆ ಆರಂಭವಾಗಿ 1996ರಲ್ಲಿ ನಿಂತುಹೋದ ಐಡಿಯಲ್ ಜಾವಾ ಕಾರ್ಖಾನೆಯ ಬಂಡಿಗಳನ್ನು ಇಂದಿಗೂ ಪ್ರೀತಿಯಿಂದ ಕಾಪಾಡಿಕೊಂಡು ಬಂದವರಿದ್ದಾರೆ. ಅಲ್ಲಿನ ಹಳೆಯ ಜಾವಾಗಳು 6 ವೋಲ್ಟಿನವು. 30 ವಾಟಿನ ದೀಪವೊಂದಕ್ಕೆ 12 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಸಾಕಾದರೆ, 6 ವೋಲ್ಟಿನಲ್ಲಿ ಐದು ಬೇಕು. ಪ್ರವಾಹ ಇಮ್ಮಡಿಯಾದರೆ ಅದೇ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ನಾಲ್ಮಡಿಯಾಗುತ್ತದೆ. ಅಂತಹ ಬಂಡಿಗೆ ಅಂಗಡಿಯ 12 ವೋಲ್ಟಿನ ಅಲಂಕಾರಗಳು ಯಾವುವೂ ಹೊಂದುವುದಿಲ್ಲ. ಮುಪ್ಪಿನವರಿಗೆ ಹೊಸ ಹೊರೆ ಹೊರಿಸದಿರುವುದೇ ಲೇಸು.

ಜೋಡಣೆಯ ವಿಷಯದಲ್ಲಿ ನಾವು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಪುದುಪೇಟೆಯಲ್ಲಾಗಲಿ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಾಗಲಿ ದೊರೆಯದ ಸಾಮಾನಿಲ್ಲ. ಆದರೆ ಸಾಮಾನು ಕೊಂಡವರು ಅದನ್ನು ಎಲ್ಲೋ ಒಂದೆಡೆ ಹತ್ತೇ ನಿಮಿಷದಲ್ಲಿ ಕಟ್ಟಿಸಿಕೊಂಡು ಬರುತ್ತಾರೆ. ಪರಿಚಿತರೊಬ್ಬರ ವಾಹನದ ಸೀಟನ್ನು ಎತ್ತಿ ನೋಡಿದಾಗ, ಫ್ಯೂಸಿಲ್ಲದೆ ಎಳೆದ ಕೆಂಪು ತಂತಿಯು ಕಬ್ಬಿಣಕ್ಕೆ ಉಜ್ಜಿ ಹೊದಿಕೆ ಕರಗಿ ಕಪ್ಪಾಗಿದ್ದುದನ್ನು ನಾವು ಕಂಡಿದ್ದೇವೆ. ಅದರ ಒಂದು ಗೇಣಿನಾಚೆ ಪೆಟ್ರೋಲಿನ ಟ್ಯಾಂಕು! ಫ್ಯೂಸು ಇರುವುದು ದೀಪವನ್ನು ಕಾಯುವುದಕ್ಕಲ್ಲ, ತಂತಿಯನ್ನು ಕಾಯುವುದಕ್ಕೆ. ಆದುದರಿಂದ ಅದು ಬ್ಯಾಟರಿಯ ಧನ ತುದಿಗೆ ಒಂದು ಗೇಣಿನೊಳಗೇ ಇರಬೇಕು. 40 ವಾಟಿನ ದೀಪಗಳು ಸೆಳೆಯುವುದು ಮೂರೂಕಾಲು ಆಂಪಿಯರಿನಷ್ಟು. ಅದಕ್ಕೆ 5 ಆಂಪಿಯರಿನ ಫ್ಯೂಸು ಸರಿ. ಅದು ಪದೇ ಪದೇ ಸುಟ್ಟುಹೋಗುವುದೆಂದು 20 ಆಂಪಿಯರಿನದನ್ನು ಹಾಕುವವರು ಕಾವಲುಗಾರನನ್ನು ಮಲಗಿಸಿದವರಿಗೆ ಸಮಾನ.

ಹಾರ್ನು, ದೊಡ್ಡ ದೀಪ ಮುಂತಾದ ಹೆಚ್ಚು ಪ್ರವಾಹದ ಸಾಧನಗಳಿಗೆ ರಿಲೇ ಬೇಕು. ಹ್ಯಾಂಡಲಿನ ಸಣ್ಣ ಸ್ವಿಚ್ಚು ಅಷ್ಟು ಪ್ರವಾಹವನ್ನು ತಾಳದು. ರಿಲೇಯ ಕಾಲುಗಳ ಮೇಲೆ ಅಂಕೆಗಳನ್ನು ಅಚ್ಚೊತ್ತಿರುತ್ತಾರೆ. 30ಕ್ಕೆ ಫ್ಯೂಸಿನ ಮೂಲಕ ಬ್ಯಾಟರಿಯಿಂದ ತಂತಿ, 87ರಿಂದ ದೀಪಕ್ಕೆ. 85 ಮತ್ತು 86 ಒಳಗಿನ ಸುರುಳಿಯ ತುದಿಗಳು, ಒಂದು ಸ್ವಿಚ್ಚಿಗೆ, ಒಂದು ಭೂಸಂಪರ್ಕಕ್ಕೆ. ಸ್ವಿಚ್ಚಿನ ಅಲ್ಪ ಪ್ರವಾಹವು ಸುರುಳಿಯನ್ನು ಅಯಸ್ಕಾಂತವಾಗಿಸಿ ದೊಡ್ಡ ಪ್ರವಾಹದ ಬಾಗಿಲನ್ನು ತೆರೆಯುತ್ತದೆ. ಭೂಸಂಪರ್ಕದ ತಂತಿಯನ್ನು ಬಣ್ಣದ ಮೇಲೆ ಬಿಗಿದರೆ ವ್ಯರ್ಥ. ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಬೇಕು. ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿಯಾಗಿ ತಿರುಗಿಸಿ, ತಂತಿ ಎಲ್ಲಿಯೂ ಬಿಗಿಯದೆಂಬುದನ್ನು ನೋಡಿದ ಮೇಲೆಯೇ ಕಟ್ಟಬೇಕು. ಇಲ್ಲಿಯ ಸೆಕೆಗೆ ಕಪ್ಪು ಟೇಪಿನ ಅಂಟು ಒಸರಿ ಜಾರುತ್ತದೆ. ಐಪ್ಪಸಿ ಕಾರ್ತಿಕದ ಮಳೆಯಲ್ಲಿ ಗಣೇಶಪುರದ ಸುರಂಗಮಾರ್ಗದ ನೀರನ್ನು ಹಾಯುವವರು ಜೋಡಣೆಗಳನ್ನು ಎತ್ತರದಲ್ಲಿ, ಸೀಟಿನ ಕೆಳಗೆ ಇರಿಸಿಕೊಳ್ಳುವುದು ಕ್ಷೇಮ. ಬಗೆಬಗೆಯ ಸ್ವರಗಳನ್ನು ಒಂದರ ಮೇಲೊಂದರಂತೆ ಹೊರಡಿಸುವ ಹಾರ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ನಿಷಿದ್ಧವೆಂಬುದನ್ನೂ ಹೇಳಿಬಿಡುತ್ತೇವೆ; ಶಾಲೆಯ ಎದುರಿನಲ್ಲಿ ಅದನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ.

ವಿದ್ಯುತ್ತನ್ನೇ ಬೇಡದ ಮಾಪಕವೂ ಒಂದುಂಟು. ಬುಲೆಟ್ಟಿನಂತಹ ಬಂಡಿಗಳಲ್ಲಿ ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳಕ್ಕೆ ಬದಲಾಗಿ ಕೂರಿಸುವ ಉಷ್ಣಮಾಪಕ ಅದು. ಗಾಳಿಯಿಂದ ತಣಿಯುವ ಎಂಜಿನು ವಾಹನಗಳ ಗುಂಪಿನಲ್ಲಿ ಸಿಕ್ಕಿಕೊಂಡಾಗ ಎಷ್ಟು ಕಾಯುತ್ತದೆಂಬುದನ್ನು ಅದು ತಂತಿಯ ಹಂಗಿಲ್ಲದೆ ತೋರಿಸುತ್ತದೆ.

ಕೊನೆಯದಾಗಿ ರಜೆಯ ವಿಚಾರ. ಕೆಲವರು ಚಾರ್ಜರನ್ನೂ ಮಾಪಕವನ್ನೂ ಬೀಗದ ಕೈಗೆ ಒಳಪಡಿಸದೆ ನೇರವಾಗಿ ಬ್ಯಾಟರಿಗೆ ಜೋಡಿಸಿರುತ್ತಾರೆ. ಅವು ಹಗಲಿರುಳೂ ಬರಿಯ 20 ಮಿಲಿ ಆಂಪಿಯರನ್ನು ಹೀರಿದರೂ ದಿನಕ್ಕೆ ಅರ್ಧ ಆಂಪಿಯರ್-ಗಂಟೆಯಷ್ಟಾಯಿತು. ದಸರೆಗೆಂದು ಹತ್ತು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ 5 ಆಂಪಿಯರ್-ಗಂಟೆಯ ಬ್ಯಾಟರಿ ಪೂರ್ತಿ ಬರಿದಾಗಿರುತ್ತದೆ. ಇಂತಹ ಸಾಧನಗಳ ತಂತಿಯನ್ನು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ತಂತಿಗೆ ಸೇರಿಸಬೇಕು. ಅದಾಗದಿದ್ದರೆ ಊರಿಗೆ ಹೊರಡುವ ಮುನ್ನ ಬ್ಯಾಟರಿಯ ತಂತಿಗಳನ್ನು ಬಿಚ್ಚಿಡಬಹುದು. ಬಿಚ್ಚುವಾಗ ಋಣದ ತಂತಿ ಮೊದಲು, ಮರಳಿ ಜೋಡಿಸುವಾಗ ಅದೇ ಕೊನೆಗೆ. ಇಲ್ಲವಾದರೆ ಧನದ ತುದಿಯಲ್ಲಿರುವ ಸ್ಪ್ಯಾನರು ಚೌಕಟ್ಟಿಗೆ ತಗುಲಿದೊಡನೆ ಕಿಡಿ ಹಾರುತ್ತದೆ.